ಮೊದಲು ಹತ್ತಿ, ಆಮೇಲೆ ಇಳಿಯಿರಿ

ಮೂವತ್ತೆರಡು ವರ್ಷ ನಾನು ಬಸ್ಸು ಓಡಿಸಿದವನು. ಅರಸೀಕೆರೆ ಬಿಟ್ಟರೆ ಜಾವಗಲ್, ಹಳೇಬೀಡು, ಬೇಲೂರು. ಬೇಲೂರು ಬಿಟ್ಟರೆ ಮತ್ತೆ ಹಳೇಬೀಡು, ಜಾವಗಲ್, ಅರಸೀಕೆರೆ. ನಡುನಡುವೆ ಗಂಡಸಿ ಕಡೆಗೂ ಹಾಕುತ್ತಿದ್ದರು, ಆದರೆ ನನ್ನದು ಅಂತ ಇದ್ದದ್ದು ಈ ರಸ್ತೆಯೇ. ಒಳಗಿನ ಹಳ್ಳಿಗಳಿಗೆ ದಾರಿ ಒಡೆಯುವ ಜಾಗಕ್ಕೆ ನಮ್ಮ ಕಡೆ ಗೇಟು ಅನ್ನುತ್ತಾರೆ. ಯಾವ ಗೇಟಿನಲ್ಲಿ ಎಷ್ಟು ಜನ ನಿಂತಿರುತ್ತಾರೆ, ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನ್ನ ಹೆಮ್ಮೆಯೆಂದರೆ ಟೈಮು. ಜನ ನನ್ನ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರಾದರೂ ಹಾಗೆ ಹೇಳಿದ್ದನ್ನು ಕೇಳಿದ ನೆನಪಿಲ್ಲ.

ಇಂಥವನು ರಿಟೈರಾದ ಮೇಲೆ ಹೋಗಿ ಬಿದ್ದದ್ದು ಎಲ್ಲಿಗೆಂದರೆ, ಸ್ಟೇರಿಂಗೂ ಬ್ರೇಕೂ ಇಲ್ಲದ, ಎಲ್ಲಿ ನಿಲ್ಲುತ್ತದೆಂದು ಓಡಿಸುವವರಿಗೇ ಸರಿಯಾಗಿ ಗೊತ್ತಿಲ್ಲದ ಒಂದು ಗಾಡಿಯ ಹಿಂದೆ.

ಹಳೇಬೀಡಿನಲ್ಲಿ ನಮ್ಮ ಮನೆ. ರಿಟೈರಾದ ವರ್ಷ, ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಬೆಳಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗಿದ್ದೆ. ಒಂದು ಜೀಪು ಬಂದು ಪಕ್ಕದಲ್ಲಿ ನಿಂತಿತು. ಒಳಗೆ ಇಬ್ಬರು. ಒಬ್ಬ ನಮ್ಮೂರಿನ ಫೋಟೋ ಸ್ಟುಡಿಯೋದವನು, ಇನ್ನೊಬ್ಬರು ಬೇಲೂರಿನ ಕಾಲೇಜು ಮೇಷ್ಟ್ರು.

"ಸಾರ್, ಬಲೂನ್ ನೋಡಿದ್ರಾ?" ಎಂದರು ಮೇಷ್ಟ್ರು.

ನಾನು ಯಾರದೋ ಮಗುವಿನ ಬಲೂನು ಕೈತಪ್ಪಿ ಹೋಗಿರಬೇಕು, ಪಾಪ, ಓದಿದವರು ಇಷ್ಟು ಮುತುವರ್ಜಿಯಿಂದ ಹುಡುಕುತ್ತಿದ್ದಾರಲ್ಲ ಅಂದುಕೊಂಡೆ. ಅಷ್ಟರಲ್ಲಿ ತೆಂಗಿನ ತೋಟದ ಮೇಲಿಂದ ಅದು ಎದ್ದು ಬಂತು. ಕೆಂಪು ಹಳದಿ ಪಟ್ಟೆಯ, ಎರಡು ಮಹಡಿ ಮನೆಯನ್ನು ನುಂಗಿ ನಿಂತಂಥ ಬಲೂನು. ಕೆಳಗೆ ಒಂದು ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಮನುಷ್ಯರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಇವರಿಬ್ಬರು ಫೋನು ತೋರಿಸುವ ದಾರಿ ನಂಬಿ ಅದರ ಹಿಂದೆ ಹೊರಟವರು. ಫೋನು ತೋರಿಸಿದ ದಾರಿ ಒಂದು ಕಾಲುವೆಯಲ್ಲಿ ಮುಗಿಯುತ್ತಿತ್ತು.

"ಈ ರೂಟಲ್ಲಿ ನನಗೆ ದಾರಿ ಹೇಳೋ ಫೋನು ಇನ್ನೂ ಹುಟ್ಟಿಲ್ಲ, ಸರೀರಿ ಆ ಕಡೆ" ಎಂದು ಹೇಳಿ ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿ ಸ್ಟೇರಿಂಗ್ ಹಿಡಿದೆ. ಬಲೂನು ನೆಲ ಮುಟ್ಟುವ ಹೊತ್ತಿಗೆ ಜೀಪು ಆ ಹೊಲದ ಬದುವಿನಲ್ಲಿತ್ತು. ಅವತ್ತಿನಿಂದ ನಾನು ಅವರ ಜೀಪಿನ ಡ್ರೈವರು. ಸಂಬಳವಿಲ್ಲ, ಸಾರಿಗೆಯಿಲ್ಲ, ಬೆಳಗ್ಗೆ ನಾಲ್ಕೂವರೆಗೆ ಏಳುವುದು ಮಾತ್ರ ಉಂಟು. ನನ್ನ ಹೆಂಡತಿ ಫ್ಲಾಸ್ಕಿಗೆ ಕಾಫಿ ತುಂಬಿಸುತ್ತ, "ರಿಟೈರ್ ಆದ್ರೂ ಫಸ್ಟ್ ಬಸ್ಸಿನ ಡ್ಯೂಟಿ ತಪ್ಪಲಿಲ್ವಲ್ರೀ ನಿಮಗೆ" ಎಂದಳು.

ಬಲೂನು ಹಾರಿಸುವವರು ಒಬ್ಬ ಹೆಣ್ಣುಮಗಳು. ಬೆಂಗಳೂರಿನ ಕಡೆಯವರು, ಮೂವತ್ತೈದರ ಆಸುಪಾಸು. ಚಳಿಗಾಲ ಬಂದರೆ ಶಿವರಾತ್ರಿಯ ತನಕ ನಮ್ಮಲ್ಲಿಗೆ ಬಂದು ಕೆರೆಯಾಚೆಯ ಖಾಲಿ ಹೊಲದಿಂದ ಜನರನ್ನು ಹತ್ತಿಸಿಕೊಂಡು ಹಾರುತ್ತಿದ್ದರು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ, ಅವರು ನನ್ನನ್ನು ಅಂಕಲ್ ಅನ್ನುತ್ತಿದ್ದರು. ನೆಲದ ಮೇಲೆ ಕೆಲಸ ಮಾಡುವ ನಾವೆಲ್ಲ ಆಸೆಗೆ ಬಿದ್ದು ಬಂದವರೇ. ಬೆಳಗಿನ ಜಾವ ಬಟ್ಟೆಯನ್ನು ಹೊಲದುದ್ದಕ್ಕೂ ಹಾಸಬೇಕು. ಇಬ್ಬರು ಅದರ ಬಾಯಿ ಅಗಲಿಸಿ ಹಿಡಿದರೆ ದೊಡ್ಡ ಫ್ಯಾನು ಗಾಳಿ ತುಂಬುತ್ತದೆ, ಆಮೇಲೆ ಬರ್ನರಿನ ಬೆಂಕಿ. ಆಗ ಬಟ್ಟೆ ಅತ್ತಿತ್ತ ಹೊರಳದಂತೆ ಅದರ ನೆತ್ತಿಗೆ ಕಟ್ಟಿದ ಹಗ್ಗವನ್ನು ದೂರದಲ್ಲಿ ಒಬ್ಬರು ಜಗ್ಗಿ ಹಿಡಿದು ನಿಲ್ಲಬೇಕು. ಆ ಕೆಲಸ ನನ್ನದು. ನನ್ನ ಅನುಭವ ನೋಡಿ ಕೊಟ್ಟರೆಂದುಕೊಂಡಿದ್ದೆ. ಹೊಟ್ಟೆ ನೋಡಿ ಕೊಟ್ಟದ್ದೆಂದು ಸ್ಟುಡಿಯೋದವನು ಹೇಳಿದ.

ಇಷ್ಟಕ್ಕೆಲ್ಲ ಒಂದು ಆಸೆ ಇತ್ತು. ಸೀಸನ್ನಿನ ಕೊನೆಯ ಹಾರಾಟದಲ್ಲಿ ನೆಲದ ಕೆಲಸದವರಿಗೆಂದು ಒಂದು ಸೀಟು. ವರ್ಷಕ್ಕೆ ಒಬ್ಬರಿಗೆ, ಒಂದೇ. ಆ ಸೀಟು ನನಗೆ ಬೇಕಾಗಿತ್ತು. ಹಾರಬೇಕೆಂಬ ಹುಚ್ಚಲ್ಲ ಅದು. ಮೂವತ್ತೆರಡು ವರ್ಷ ನಾನು ನನ್ನ ರಸ್ತೆಯನ್ನು ನೋಡಿದ್ದು ಮುಂದಿನ ಗಾಜಿನಷ್ಟು ಅಗಲ, ಮುಂದಿನ ತಿರುವಿನಷ್ಟು ಉದ್ದ. ಅದನ್ನು ಒಂದು ಸಲ ಇಡಿಯಾಗಿ, ಆ ತುದಿಯಿಂದ ಈ ತುದಿಯವರೆಗೆ, ಒಂದೇ ನೋಟಕ್ಕೆ ನೋಡಬೇಕು. ಇದನ್ನು ಮೇಡಂಗೆ ಹೇಳಿದೆ. "ಡ್ಯೂಟಿ ಸರಿಯಾಗಿ ಮಾಡಿ, ನೋಡೋಣ ಅಂಕಲ್" ಎಂದರು.

ಡ್ಯೂಟಿಯ ಮೊದಲ ಪಾಠವಾಗಿ ಅವರು ಹೇಳಿಕೊಟ್ಟದ್ದು ಇದು. ಇಳಿದ ಬಲೂನು ನೆಲದ ಮೇಲೆ ಕೂತಿದೆ ಎಂದರೆ ಅದು ಒಳಗಿರುವವರ ಭಾರಕ್ಕೆ ಕೂತಿದೆ. ಒಬ್ಬರು ಇಳಿಯಬೇಕಾದರೆ ಮೊದಲು ಇನ್ನೊಬ್ಬರು ಹತ್ತಬೇಕು. ಇಲ್ಲವೇ ನಾವೆಲ್ಲ ಸೇರಿ ಬುಟ್ಟಿಯ ಅಂಚು ಹಿಡಿದು ಮೈಭಾರ ಹಾಕಬೇಕು. ಆಗ ಗಾಳಿ ಕಡಿಮೆಯಿದ್ದರೆ, ಬೆಳೆಗೆ ತಾಗದ ಹಾಗೆ ಬಲೂನನ್ನು ಮೊಣಕಾಲೆತ್ತರದಲ್ಲಿ ತೇಲಿಸಿಕೊಂಡೇ ರಸ್ತೆಯ ತನಕ ನಡೆಸಿಕೊಂಡು ಹೋಗಬಹುದು. ನಾನು ತಲೆಯಾಡಿಸಿದೆ. ಇದರಲ್ಲಿ ತಿಳಿಯದಿರುವಂಥದ್ದೇನಿದೆ?

ಸಂಕ್ರಾಂತಿ ಕಳೆದ ವಾರ ಗಾಳಿ ಎಂದಿನಂತೆ ಬೇಲೂರಿನ ಕಡೆಗೆ ಬೀಸದೆ ಜಾವಗಲ್ ಕಡೆಗೆ ತಿರುಗಿತ್ತು. ಬುಟ್ಟಿಯಲ್ಲಿ ಮೇಡಂ ಜೊತೆಗೆ ಹಾಸನದಿಂದ ಬಂದ ಎರಡು ಜೋಡಿ ಗಂಡಹೆಂಡಿರು. ಮುಕ್ಕಾಲು ಗಂಟೆ ಹಾರಿ ರಾಗಿ ಕೊಯ್ದ ಹೊಲವೊಂದರಲ್ಲಿ ಬಲೂನು ಸದ್ದಿಲ್ಲದೆ ಇಳಿಯಿತು. ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂಗೆ ಒಂದಿಂಚು ಆಚೀಚೆಯಾಗದಂತೆ ಬಸ್ಸು ನಿಲ್ಲಿಸಿದ ಹಾಗಿತ್ತು. ನಾನು ಜೀಪಿನಿಂದ ಹಾರಿ ಮೆಚ್ಚುಗೆಯಿಂದ ನೋಡುತ್ತ ಹೋದೆ. ಮೇಷ್ಟ್ರು, ಸ್ಟುಡಿಯೋದವನು ನನ್ನ ಹಿಂದೆ. ಅಷ್ಟರಲ್ಲಿ ಬದುವಿನ ಕಡೆಯಿಂದ ಅಕ್ಕಪಕ್ಕದ ಹೊಲದವರು ಹತ್ತಿಪ್ಪತ್ತು ಮಂದಿ ಬುಟ್ಟಿಯ ಕಡೆ ನುಗ್ಗಿ ಬಂದರು.

ಜನ ಬಾಗಿಲಿಗೆ ನುಗ್ಗುವುದನ್ನು ಕಂಡರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಅದು ತಾನಾಗಿ ತೆರೆದುಕೊಂಡಿತು.

"ಏಯ್, ತಡೀರಿ! ನುಗ್ಗಬೇಡಿ! ಮೊದ್ಲು ಇಳಿಯೋರು ಇಳೀರಿ! ಬೇಗ ಬೇಗ ಇಳೀರಿ!"

ಆ ದನಿಗೆ ಮೂವತ್ತೆರಡು ವರ್ಷದ ಸರ್ವೀಸಿತ್ತು. ಇಬ್ಬರು ಗಂಡಸರೂ ಮರುಮಾತಿಲ್ಲದೆ ಬುಟ್ಟಿಯ ಅಂಚು ದಾಟಿ ಧೊಪ್ಪಧೊಪ್ಪನೆ ನೆಲಕ್ಕೆ ಹಾರಿದರು. ಬಲೂನು ಒಂದು ಸಲ ಮೈ ಕೊಡವಿ, ಮೇಡಂ ಮತ್ತು ಇಬ್ಬರು ಹೆಂಡತಿಯರ ಸಮೇತ ಮೇಲಕ್ಕೆದ್ದಿತು. ನಾನು ಓಡಿ ಹೋಗಿ ಅಂಚು ಹಿಡಿದೆ, ಹಿಮ್ಮಡಿ ನೆಲ ಬಿಟ್ಟಿತು. ಕಾಲು ನೆಲ ಬಿಟ್ಟರೆ ಕೈ ಬಿಡಬೇಕೆಂಬ ಇನ್ನೊಂದು ಪಾಠ ಪುಣ್ಯಕ್ಕೆ ನೆನಪಿಗೆ ಬಂತು. ಬಿಟ್ಟೆ. ಬಲೂನು ತೆಂಗಿನ ಸಾಲು ದಾಟಿ ಹೋಯಿತು. ಮೇಲಿಂದ ಒಬ್ಬಾಕೆ ಗಂಡನಿಗೆ ಕೈ ಬೀಸುತ್ತ, "ಏನ್ರೀ, ಕಾರ್ ಕೀ ನನ್ನತ್ರಾನೇ ಇದೆ!" ಎಂದು ಕೂಗಿದಳು. ಆ ದನಿಯಲ್ಲಿ ಭಯದ ಸುಳಿವೇ ಇರಲಿಲ್ಲ.

ಸೊಂಟದಲ್ಲಿದ್ದ ವಾಕಿಟಾಕಿ ಗೊರಗೊರ ಅಂದಿತು. ಮೇಡಂ ದನಿ. "ಅಂಕಲ್, ಎಲ್ರೂ ಇಳಿದ್ರಾ, ಇಲ್ಲಾ ಇನ್ನೂ ಯಾರಾದ್ರೂ ಇಳಿಯೋರು ಇದ್ದಾರಾ?"

ಗಂಡಂದಿರಿಬ್ಬರನ್ನೂ ಜೀಪಿನ ಹಿಂದೆ ತುಂಬಿಕೊಂಡು ಹೊರಟೆ. ಅವಸರವಿದ್ದ ದಿನವೇ ರಸ್ತೆ ತುಂಬ ರಾಗಿ ತೆನೆ. ಸುಗ್ಗಿಯಲ್ಲಿ ನಮ್ಮ ಕಡೆ ಕಣ ಮಾಡುವವರು ಕಡಿಮೆ, ರಸ್ತೆಗೆ ಹಾಸಿಬಿಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಬೇಕು. ನಾನು ಚಕ್ರ ಜಾರೀತೆಂದು ನಿಧಾನಕ್ಕೆ ಹೋಗುತ್ತಿದ್ದರೆ ಮೊರ ಹಿಡಿದ ಒಬ್ಬ ಮುದುಕ ಅಡ್ಡ ನಿಂತ. "ಇನ್ನೊಂದು ಕಿತ ಹಿಂದಕ್ಕೋಗಿ ಬನ್ನಿ ಸಾಮಿ, ಎಡಗಡೆ ಚೆನ್ನಾಗಿ ತುಳ್ದಿಲ್ಲ" ಎಂದ. ಬೇರೆ ದಿನವಾಗಿದ್ದರೆ ಹೋಗಿ ಬರುತ್ತಿದ್ದೆನೇನೋ. ಹಿಂದೆ ಕೂತವರಲ್ಲಿ ಒಬ್ಬರು, "ನಮ್ಮ ಹೆಂಡ್ರು ಆಕಾಶದಲ್ಲಿದ್ದಾರೆ ಕಣ್ರೀ!" ಎಂದು ಕಿರುಚಿದರು. ಮುದುಕ ಒಂದು ಗಳಿಗೆ ಅವರ ಮುಖ ನೋಡಿ, ಮೊರ ಹಿಂದಕ್ಕೆ ತೆಗೆದು, ತಲೆಯ ಮೇಲಿನ ಟವೆಲು ಇಳಿಸಿ ದಾರಿ ಬಿಟ್ಟ.

ಬಲೂನು ಎರಡನೇ ಸಲ ಇಳಿದದ್ದು ಮೂರು ಮೈಲಿ ಆಚೆ, ಒಂದು ಗೇಟಿನ ಪಕ್ಕದ ಹೊಲದಲ್ಲಿ. ರಾಗಿ ಕೊಯ್ದಾಗಿತ್ತು, ನಡುವಿನ ಅವರೆ ಸಾಲು ಕಾಯಿ ತುಂಬಿಕೊಂಡು ನಿಂತಿತ್ತು. ಬುಟ್ಟಿ ಎರಡು ಸಾಲು ಅವರೆ ಮಲಗಿಸಿ ನಿಂತಿತ್ತು. ಬಟ್ಟೆಯ ಗಾಳಿ ತೆಗೆದು ಉದ್ದಕ್ಕೆ ಕೆಡವಿದ್ದರು. ಇಬ್ಬರು ಹೆಂಡತಿಯರೂ ಬಿದ್ದು ಬಿದ್ದು ನಗುತ್ತಿದ್ದರು. ಅವರ ಜೊತೆ ಅವರೆ ಬಿಡಿಸುತ್ತಿದ್ದ ಹೊಲದೊಡತಿ, ನಲವತ್ತೈದು ಇರಬಹುದು, ಸೀರೆಯ ಮೇಲೆ ಗಂಡಸಿನ ಶರ್ಟು ಹಾಕಿಕೊಂಡಿದ್ದಾಕೆ, ತಾನೂ ನಗುತ್ತಿದ್ದಳು. ಮೇಡಂ ಬೆಳೆ ಹಾಳಾದದ್ದಕ್ಕೆ ಕೈ ಮುಗಿದರೆ, "ಅಯ್ಯೋ ಬಿಡವ್ವ, ನಾಕು ಗಿಡ ಹೋದ್ರೆ ಏನಾಯ್ತು, ಆಕಾಶದಿಂದ ನಮ್ಮನೆಗೆ ಯಾರು ಬತ್ತಾರೆ?" ಅನ್ನುತ್ತಿದ್ದಳು.

ಅಷ್ಟರಲ್ಲಿ ನಾನು ಹೋಗಿ, "ಸರೀರಿ ಸರೀರಿ, ಬಟ್ಟೆ ಮಡಿಸ್ಬೇಕು" ಎಂದೆ.

ಆಕೆಯ ನಗು ನಿಂತುಹೋಯಿತು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಈ ಡ್ರೈವರು ನಿಮ್ಮ ಪೈಕಿನಾ?" ಎಂದು ಮೇಡಂ ಅವರನ್ನು ಕೇಳಿದಳು. "ದನಿ ಅದೇ. ಮೀಸೆ ಬೆಳ್ಳಗಾಗೈತೆ ಅಷ್ಟೆ." ಹೇಳಿದವಳೇ ಹೋಗಿ ಬಲೂನಿನ ಬಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ನಾನು ಹೇಳೋದು ಈ ಯಪ್ಪ ಕೇಳ್ಳಿ. ಆಮೇಲೆ ನಿಮ್ ಬಲೂನ್ ತಗೊಂಡೋಗಿ."

ಆಕೆ ಸಿಟ್ಟಿನಿಂದೇನೂ ಹೇಳಲಿಲ್ಲ. ಎಷ್ಟೋ ವರ್ಷದಿಂದ ಹೇಳಲು ಕಾದಿಟ್ಟ ಮಾತಿಗೆ ಬೇಕಾದವನೇ ಮನೆಗೆ ಬಂದನಲ್ಲ ಎಂಬಂತೆ ಆರಾಮವಾಗಿ ಹೇಳಿದಳು.

"ಹತ್ತನೇ ಕ್ಲಾಸಲ್ಲಿದ್ದೆ. ಖೋ ಖೋ ಆಡ್ತಿದ್ದೆ. ಇಡೀ ತಾಲ್ಲೂಕಲ್ಲಿ ನನ್ನ ಮುಟ್ಟೋರು ಇರ್ಲಿಲ್ಲ. ನಮ್ ಟೀಮು ರಾಜ್ಯ ಮಟ್ಟಕ್ಕೆ ಹೊಂಟಿತ್ತು. ಬೆಳಗ್ಗೆ ಅರಸೀಕೆರೇಲಿ ರೈಲು. ಎಲ್ರೂ ಹಿಂದಿನ ದಿನಾನೇ ಹೋಗಿದ್ರು, ನಮ್ಮಪ್ಪ ಮಾತ್ರ ಬೆಳಗ್ಗೆ ಹೋಗು ಅಂತು. ಫಸ್ಟ್ ಬಸ್ಸು ನಿಮ್ದು. ನಾನು ಗೇಟಿಗೆ ಬರೋದಕ್ಕೂ ನೀವು ಬಿಡೋದಕ್ಕೂ ಸರಿಹೋಯ್ತು. ಕೈ ಎತ್ಕಂಡು ಓಡ್ದೆ. ನೀವು ಕನ್ನಡೀಲಿ ನೋಡುದ್ರಿ. ನಿಮ್ ಕಣ್ಣು ನಂಗೆ ಕಾಣ್ತಿತ್ತು. ನಮ್ಮೂರ ಕೆರೆ ಏರಿ ಗಂಟ ಓಡ್ದೆ."

"ಟೈಮ್ ಆಗಿತ್ತೇನೋ ಕಣಮ್ಮ" ಎಂದೆ.

"ಒಂದು ನಿಮಿಷ" ಎಂದಳು ಆಕೆ. "ಒಂದು ನಿಮಿಷ ಆಗಿತ್ತು. ಅದೇ ನನ್ ಕೊನೇ ಓಟ. ಆಮೇಲೆ ಓಡು ಅಂತ ಯಾರೂ ಕರೀಲಿಲ್ಲ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಕನ್ನಡಿಯಲ್ಲಿ ಎಷ್ಟೋ ಕೈಗಳನ್ನು ನೋಡಿದ್ದೇನೆ, ಅದರಲ್ಲಿ ಯಾವುದು ಈಕೆಯದು? ಆಗ ತಪ್ಪಾಯಿತು ಅನ್ನಬೇಕಿತ್ತು, ಅನ್ನಲಿಲ್ಲ. ಅಷ್ಟು ಜನರ ಮುಂದೆ ನನ್ನ ಮೀಸೆಗೆ ಅದು ಅವಮಾನವೆನಿಸಿತು. ಆಕೆಯೇ ಎದ್ದು ಸೀರೆ ಕೊಡವಿಕೊಂಡಳು. "ಬಿಡಿ, ನಿಮ್ಗೆ ನೆಪ್ಪಿರಲ್ಲ. ಕನ್ನಡೀಲಿ ನೋಡ್ದೋರಿಗೆ ನೆಪ್ಪಿರಲ್ಲ. ಓಡ್ದೋರಿಗೆ ಇರ್ತದೆ."

ನಾವು ಬಟ್ಟೆಯನ್ನು ಚೀಲಕ್ಕೆ ತುರುಕಿ, ಮೇಲೆ ಕೂತು ಅಳಿದುಳಿದ ಗಾಳಿ ಹೊರಡಿಸಿ, ಕಟ್ಟಿ ಎತ್ತಿಡುವ ಹೊತ್ತಿಗೆ ಆಕೆ ಎಲ್ಲರಿಗೂ ಅವರೆಕಾಯಿ ಹಂಚಿದಳು. ಮೇಡಂಗೆ, ಇಬ್ಬರು ಹೆಂಡತಿಯರಿಗೆ, ಮುಖ ಊದಿಸಿಕೊಂಡ ಗಂಡಂದಿರಿಗೆ, ಮೇಷ್ಟ್ರಿಗೆ, ಸ್ಟುಡಿಯೋದವನಿಗೆ. ನನ್ನ ಮುಂದೆ ಬಂದಾಗ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಹೋದಳು. ನಿಲ್ಲಿಸಲಿಲ್ಲ.

ಹಳೇಬೀಡಿನಲ್ಲಿ ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಸ್ಟುಡಿಯೋದವನ ಹೆಂಡತಿ ಬಂದು ಎಲ್ಲ ಹೇಳಿ, ತಮ್ಮ ಪಾಲಿನ ಅವರೆಕಾಯಿಯಲ್ಲಿ ಅರ್ಧ ಕೊಟ್ಟು ಹೋಗಿದ್ದಳು. ನನ್ನ ಹೆಂಡತಿ ಅದನ್ನು ಸುಲಿಯುತ್ತ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೂ ಜಗಳವಾಡಲು ಒಂದು ದಾರಿ ಇರುತ್ತಿತ್ತು.

"ಆ ಹುಡುಗಿ ಎಲ್ಲೀ ಗಂಟ ಓಡಿದ್ಲಂತೆ?" ಎಂದು ಕೇಳಿದಳು.

"ಕೆರೆ ಏರಿ ತನಕ ಅಂತ."

ಇನ್ನೆರಡು ಕಾಯಿ ಸುಲಿದಳು. "ಅಲ್ಲೀ ಗಂಟ ನೀವು ಕನ್ನಡಿ ನೋಡ್ತಾನೇ ಇದ್ರಾ?"

ಕೈಕಾಲು ತೊಳೆಯಲು ಬಚ್ಚಲಿಗೆ ಎದ್ದು ಹೋದೆ. ಅವರೆಕಾಯಿ ಸಾರು ಬಹಳ ರುಚಿಯಾಗಿತ್ತು, ಎರಡನೇ ಸಲ ಬಡಿಸು ಅನ್ನಲಿಲ್ಲ.

ಮೇಡಂ ನನಗೆ ಶಿಕ್ಷೆ ಕೊಟ್ಟರು. ಹದಿನೈದು ದಿನ ಬುಟ್ಟಿ ಮುಟ್ಟುವಂತಿಲ್ಲ, ಜೀಪು ಮಾತ್ರ. ಪ್ರತಿದಿನ ಬೆಳಗ್ಗೆ ಬಟ್ಟೆ ಹಾಸುವ ಮೊದಲು ಎಲ್ಲರ ಮುಂದೆ ನಿಂತು, "ಮೊದಲು ಹತ್ತಿ, ಆಮೇಲೆ ಇಳಿಯಿರಿ" ಎಂದು ಮೂರು ಸಲ ಗಟ್ಟಿಯಾಗಿ ಹೇಳಬೇಕು. ಅರವತ್ತು ದಾಟಿದವನು ಪ್ರಾರ್ಥನೆಗೆ ನಿಂತವನಂತೆ ಕೈಕಟ್ಟಿ ಹೇಳುತ್ತಿದ್ದೆ. ಮೇಷ್ಟ್ರಿಗೆ ಆ ಹದಿನೈದು ದಿನ ಬೆಳಗಿನ ಕಾಫಿಗಿಂತ ಅದೇ ಹಿತವಾಗಿತ್ತು. ಸೀಟು ಕೈಬಿಟ್ಟಿತೆಂದೇ ನಾನು ತಿಳಿದಿದ್ದೆ. ಆದರೂ ಒಂದು ದಿನವೂ ತಪ್ಪಿಸಲಿಲ್ಲ, ತಡವಾಗಿಯೂ ಹೋಗಲಿಲ್ಲ.

ಶಿವರಾತ್ರಿಗೆ ವಾರವಿದೆಯೆನ್ನುವಾಗ ಮೇಡಂ ಕರೆದು, "ಭಾನುವಾರ ಕೊನೇ ಫ್ಲೈಟ್. ಸೀಟು ನಿಮ್ದೇ ಅಂಕಲ್" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಸೀದಾ ಹೋಗಿ ಒಂದು ಉಣ್ಣೆಯ ಟೋಪಿ ಕೊಂಡುಕೊಂಡೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ಹಾಕಿಕೊಂಡೆ. ಕಿವಿಯ ಮೇಲೆ ಸರಿಮಾಡಿಕೊಳ್ಳುತ್ತ ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿದೆ. ಆ ಹುಡುಗಿಗೆ ಕಾಣುತ್ತಿದ್ದ ಕಣ್ಣು ಇದೇ ಅಲ್ಲವೇ ಅನ್ನಿಸಿತು. ಟೋಪಿ ತೆಗೆದಿಟ್ಟೆ. ನನಗೆ ನಾಚಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯಲು ಆಗಲಿಲ್ಲ.

ಹಾಗೆಂದು ಒಂದೇ ಸಲಕ್ಕೆ ದೊಡ್ಡ ಮನುಷ್ಯನಾದೆ ಎಂದುಕೊಳ್ಳಬೇಡಿ. ಮೊದಲು ಮೇಡಂ ಹತ್ತಿರ ಹೋಗಿ ನನ್ನನ್ನೂ ಆ ಅವರೆ ಹೊಲದವಳನ್ನೂ ಇಬ್ಬರನ್ನೂ ಹತ್ತಿಸಿಕೊಳ್ಳಿ ಎಂದು ಗೋಗರೆದೆ. "ಭಾರದ ಲೆಕ್ಕ ಅಂಕಲ್, ಒಂದೇ ಸೀಟು" ಎಂದರು.

"ಎರಡು ದಿನ ಊಟ ಬಿಡ್ತೀನಿ."

"ಎರಡು ತಿಂಗಳು ಬಿಟ್ರೆ ಯೋಚನೆ ಮಾಡ್ಬಹುದು."

ಆಮೇಲೆಯೇ ಸ್ಕೂಟರು ಹತ್ತಿ ಆಕೆಯ ಊರಿಗೆ ಹೋದದ್ದು. ಆಕೆ ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಒಂದೇ. "ಅವತ್ತು ನಿಲ್ಲಿಸಬೇಕಾಗಿತ್ತು ಕಣಮ್ಮ. ತಪ್ಪಾಯ್ತು. ಭಾನುವಾರ ಬಲೂನಲ್ಲಿ ಒಂದು ಸೀಟಿದೆ, ನಿನಗೆ."

ಆಕೆ ಬಹಳ ಹೊತ್ತು ಹಸುವಿನ ಬೆನ್ನು ಉಜ್ಜಿದಳು. "ಎಷ್ಟೊತ್ತಿಗೆ?" ಎಂದಳು.

"ಆರೂವರೆಗೆ."

"ಎಲ್ಲಾರ ಆರೂವರೇನಾ, ನಿಮ್ ಆರೂವರೇನಾ?"

"ಆಮೇಲೆ ಗಾಳಿ ಏಳ್ತದಮ್ಮ, ಬಲೂನು ಕಾಯಲ್ಲ. ನಾನೇ ಬಂದು ಜೀಪಲ್ಲಿ ಕರ್ಕೊಂಡು ಹೋಗ್ತೀನಿ."

"ನಿಮ್ ಗಾಡಿ ಸವಾಸ ನಂಗೆ ಬ್ಯಾಡ" ಎಂದಳು. "ಡೈರಿಗೆ ಹಾಲು ಹಾಕಿ ಮೈದುನನ ಮೊಪೆಡ್ಡಲ್ಲಿ ನಾನೇ ಬತ್ತೀನಿ."

ಭಾನುವಾರ ಆರೂಕಾಲಿಗೆ ಬಲೂನು ಎದ್ದು ನಿಂತಿತ್ತು. ನನ್ನ ಹೆಂಡತಿಯೂ ಶಾಲು ಹೊದ್ದುಕೊಂಡು ನೋಡಲು ಬಂದಿದ್ದಳು. ಪ್ರವಾಸಿಗಳು ಮೂವರು ಬುಟ್ಟಿ ಹತ್ತಿದ್ದರು. ಆಕೆ ಮಾತ್ರ ಇಲ್ಲ. ಆರೂವರೆಯಾಯಿತು. ಇಲ್ಲ. ಮೇಷ್ಟ್ರು ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ಮೇಡಂ ಬಲೂನಿನ ನೆತ್ತಿಯ ಕಡೆ ನೋಡಿದರು, ಬಟ್ಟೆ ತೊನೆಯಲು ಶುರುವಾಗಿತ್ತು. "ಇನ್ನು ಆಗಲ್ಲ. ಅಂಕಲ್, ನೀವು ಹತ್ತಿ" ಎಂದರು.

ಹತ್ತಿದೆ. ಸುಳ್ಳು ಯಾಕೆ ಹೇಳಲಿ, ಬೇಜಾರು ಮಾಡಿಕೊಂಡು ಹತ್ತಲಿಲ್ಲ. ಕರೆದದ್ದಾಯಿತು, ಆಕೆ ಬರಲಿಲ್ಲ, ನನ್ನ ತಪ್ಪೇನಿದೆ ಎಂದು ಒಳಗೊಳಗೇ ಹಿಗ್ಗುತ್ತ ಹತ್ತಿದೆ. ತಲೆಯ ಮೇಲೆ ಬರ್ನರು ಭುಸ್ಸೆಂದು ಉರಿಯಿತು. ಬೆಚ್ಚಗಾಯಿತು. ಹೊರಗಿನವರು ಹಿಡಿದಿದ್ದರೂ ಬುಟ್ಟಿ ನೆಲದಿಂದ ಒಂದು ಗೇಣು ಎದ್ದು ತೂಗಿತು. ಆ ಒಂದು ಗೇಣಿಗೇ ಕೆರೆಯ ನೀರು ಬೇರೆ ಥರ ಕಂಡಿತು. ಇನ್ನು ಸ್ವಲ್ಪ ಏರಿದರೆ ಸಾಕು, ನನ್ನ ರಸ್ತೆ.

ಆಗ ನೋಡಿದೆ. ಕೆರೆ ಏರಿಯ ಆ ತುದಿಯಲ್ಲಿ ಒಂದು ಮೊಪೆಡ್ಡು ಅಡ್ಡ ಮಲಗಿತ್ತು, ಒಬ್ಬ ಅದರ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಈಚೆಗೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಕವರು ಹಿಡಿದು, ಇನ್ನೊಂದು ಕೈ ಮೇಲೆತ್ತಿಕೊಂಡು ಒಬ್ಬ ಹೆಂಗಸು ಓಡಿ ಬರುತ್ತಿದ್ದಳು.

ನೋಡಿದವನು ನಾನೊಬ್ಬನೇ. ಮೇಡಂ ಬರ್ನರಿನ ಕಡೆ ತಿರುಗಿದ್ದರು. ಬುಟ್ಟಿ ಹಿಡಿದವರೆಲ್ಲ ಏರಿಗೆ ಬೆನ್ನು ಹಾಕಿದ್ದರು. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೋದ ಸಲದ ಹಾಗೆಯೇ. "ಹ್ಯಾಂಡ್ಸ್ ಆಫ್" ಎಂದರೆ ಹಿಡಿದವರೆಲ್ಲ ಕೈ ಬಿಡಬೇಕು, ಹಾಗೆನ್ನಲು ಮೇಡಂ ಬಾಯಿ ತೆರೆದರು.

"ಮೇಡಂ, ಒಂದು ನಿಮಿಷ!" ಎಂದೆ.

ಮೂವತ್ತೆರಡು ವರ್ಷ ಸಾವಿರಾರು ಜನ ನನಗೆ ಹೇಳಿದ ಮಾತು ಅದು. ನನ್ನ ಬಾಯಲ್ಲಿ ಅದು ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅರಚಿದೆ. "ಒಂದು ನಿಮಿಷ! ಪ್ಯಾಸೆಂಜರು ಬರ್ತಾ ಐತೆ!"

"ಗಾಳಿ ನೋಡಿ ಅಂಕಲ್!"

"ಬೈಯಿರಿ, ಆಮೇಲೆ ಎಷ್ಟಾದ್ರೂ ಬೈಯಿರಿ. ಏಯ್ ಮೇಷ್ಟ್ರೇ, ಬಿಡಬೇಡಿ! ಇನ್ನೂ ಭಾರ ಹಾಕಿ!"

ಮೇಷ್ಟ್ರು, ಸ್ಟುಡಿಯೋದವನು, ಸುತ್ತಲಿದ್ದವರೆಲ್ಲ ಅಂಚಿಗೆ ಜೋತುಬಿದ್ದರು. ನನ್ನ ಹೆಂಡತಿ ಶಾಲು ಬಿಸಾಕಿ ಬಂದು ತಾನೂ ಜೋತುಬಿದ್ದಳು. ಅಂಥ ಓಟವನ್ನು ನಾನು ನೋಡಿರಲಿಲ್ಲ. ಅಥವಾ ನೋಡಿದ್ದೆ, ಕನ್ನಡಿಯಲ್ಲಿ. ಎದುರಿನಿಂದ ನೋಡಿದ್ದು ಇದೇ ಮೊದಲು. ಏರಿ ಇಳಿದು, ಕೂಳೆ ಹೊಲದಲ್ಲಿ ಬರಿಗಾಲಲ್ಲಿ, ಬದು ಹಾರಿ ಆಕೆ ಬಂದೇ ಬಂದಳು.

ನಾನು ಅವಸರದಲ್ಲಿ ಇಳಿಯಲು ಒಂದು ಕಾಲೆತ್ತಿದೆ. ಕೆಳಗಿದ್ದವರು, ಮೇಲಿದ್ದವರು, ನನ್ನ ಹೆಂಡತಿಯೂ ಸೇರಿ ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. "ಮೊದಲು ಹತ್ತಿ, ಆಮೇಲೆ ಇಳಿಯಿರಿ!"

ಕಾಲು ಒಳಗಿಟ್ಟುಕೊಂಡೆ. ಆಕೆ ಅಂಚು ಹಿಡಿದು ಒಂದೇ ನೆಗೆತಕ್ಕೆ ಒಳಗೆ ಬಂದಳು. ಏದುಸಿರು ಬಿಡುತ್ತ ಕೈಯಲ್ಲಿದ್ದ ಕವರನ್ನು ನನ್ನ ಎದೆಗೆ ಒತ್ತಿದಳು. ಹಸಿ ಅವರೆಯ ಕಾಲ ಮುಗಿದಿತ್ತು, ಒಣಗಿಸಿದ ಕಾಳು, ಎರಡು ಸೇರಾದರೂ ಇತ್ತು. "ನಿಮ್ ಪಾಲಿಂದು" ಎಂದಳು. ಆಮೇಲೆ ಹಣೆಯ ಬೆವರು ಒರೆಸಿಕೊಂಡು, "ಇಳೀರಿ ಡ್ರೈವರೇ, ನಿಮ್ ಸ್ಟಾಪ್ ಬಂತು" ಎಂದಳು.

ಇಳಿದೆ. ಆಕೆ ಬುಟ್ಟಿಯ ಬದಿಗೆ ಎರಡು ಏಟು ತಟ್ಟಿ, "ರೈಟ್ ರೈಟ್" ಎಂದಳು. ಬಲೂನು ಎದ್ದಿತು. ಕೆರೆ ದಾಟಿತು, ತೆಂಗಿನ ತೋಟ ದಾಟಿತು, ಬಿಸಿಲಿಗೆ ಹೋಗಿ ಸೇರಿತು. ನನ್ನ ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ಅವತ್ತು ನೋಡಿದವಳು ಆಕೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ನನ್ನ ಹೆಂಡತಿ ಇದನ್ನು ಓದಿ ನಗುತ್ತಾಳೆ, ಆದ್ದರಿಂದ ಹಾಗೆ ಬರೆಯುವುದಿಲ್ಲ. ಆದರೆ ಎದೆ ಹಗುರಾಗಿತ್ತು. ಜೀಪು ಹತ್ತಿ ಬೇಲೂರು ರಸ್ತೆ ಹಿಡಿದು ಬೆನ್ನಟ್ಟಿದೆವು.

ಒಂದು ಮೈಲಿ ಹೋಗಿರಬೇಕು, ಬಲೂನು ಸ್ವಲ್ಪ ಕೆಳಕ್ಕೆ ಇಳಿದು ರಸ್ತೆಯ ಮೇಲೆಯೇ ಬಂತು. ಆಕೆ ಬುಟ್ಟಿಯಿಂದ ಬಗ್ಗಿ ನಮ್ಮ ಜೀಪು ಗುರುತು ಹಿಡಿದು, ಕೈ ಮೇಲೆತ್ತಿ ಬೀಸಿದಳು. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ನಡುರಸ್ತೆಯಲ್ಲಿ ಜೀಪು ಗಕ್ಕನೆ ನಿಂತಿತು. ಅವರೆಕಾಳಿನ ಕವರು ಸೀಟಿನಿಂದ ಜಾರಿ ಕೆಳಗೆ ಬಿತ್ತು, ಮೇಷ್ಟ್ರ ತಲೆ ಮುಂದಿನ ಗಾಜಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

"ಯಾಕ್ರೀ ನಿಲ್ಸಿದ್ದು? ಬಲೂನ್ ಹೋಗ್ತಾ ಇದೆ!" ಎಂದರು ಮೇಷ್ಟ್ರು.

"ಕೈ ತೋರಿಸಿದ್ರಲ್ಲ ಕಣ್ರೀ" ಎಂದೆ.